ಎರಡು ತಿಂಗಳ ಸೂಟಿ

ಹೋದ ವರ್ಷ ಜೂನ್ ತಿಂಗಳ ಒಂದು ರವಿವಾರ ಬೆಳಿಗ್ಗೆ ನಮ್ಮ ಚಿಗವ್ವನ ಮಗ ಕ್ಯಾಲಿಫೋರ್ನಿಯಾದಿಂದ ಫೋನು ಮಾಡಿದ್ದ. ಮೊರದ ತುಂಬ ಜೋಳ ಹಾಕಿಕೊಂಡು ಪಡಸಾಲೆಯಲ್ಲಿ ಹಸನು ಮಾಡುತ್ತ ಕೂತಿದ್ದೆ. ಮಳೆ, ಬೆಳೆ, ಮೊಣಕಾಲು ನೋವು ಎಲ್ಲ ಮುಗಿದ ಮೇಲೆ ಅವನ ಮಗಳ ಸುದ್ದಿ ಕೇಳಿದೆ.

"ಸಾಲಿ ಮುಗೀತಲ್ಲ, ಈಗ ಸೂಟಿ ಹೌದಲ್ಲೋ?"

"ಎಲ್ಲೀ ಸೂಟಿ ಅಕ್ಕಾ. ಯೂನಿವರ್ಸಿಟಿ ಶುರುವಾಗೂದು ಆಗಸ್ಟ್ ಕೊನೀಗೆ. ಅಷ್ಟರೊಳಗ ಮನಿ ಹತ್ರದ ಕಮ್ಯುನಿಟಿ ಕಾಲೇಜಿನ್ಯಾಗ ಎರಡು ಕ್ಲಾಸ್ ಹಿಡದಾಳ."

"ಯಾಕೋ, ಯಾವುದರಾಗರ ಫೇಲಾಗ್ಯಾಳೇನು?"

ಮಾಸ್ತರಿಕಿ ಮಾಡುವವರ ಬಾಯಿಗೆ ಮೊದಲು ಬರುವ ಪ್ರಶ್ನೆ ಇದೇ. ಬೇಸಿಗೆಯಲ್ಲಿ ಓದುವವರು ಫೇಲಾದವರು ಅಥವಾ ರ್‍ಯಾಂಕು ಬರಬೇಕೆನ್ನುವವರು ಎಂದು ನಮ್ಮ ಲೆಕ್ಕ. ಅವನು ನಕ್ಕು ಬಿಡಿಸಿ ಹೇಳಿದ. ಅಲ್ಲಿ ಆಯಾ ಭಾಗದ ಜನರಿಗಾಗಿ ಇಂಥ ಎರಡು ವರ್ಷದ ಕಾಲೇಜುಗಳಿವೆ. ಮೊದಲನೆಯ ಸರಕಾರಿ ಕಾಲೇಜು 1901ರಲ್ಲಿ ಇಲಿನಾಯ್ ಪ್ರಾಂತದ ಜೋಲಿಯೆಟ್ ಊರಿನಲ್ಲಿ ಶುರುವಾಯಿತಂತೆ. ಹೆಚ್ಚುಕಡಿಮೆ ಯಾರು ಬೇಕಾದರೂ ಸೇರಬಹುದು. ಒಂದು ಸೆಮಿಸ್ಟರಿನ ಪಾಠವನ್ನು ಬೇಸಿಗೆಯಲ್ಲಿ ಆರೆಂಟು ವಾರಕ್ಕೆ ಹಿಂಡಿ ಕಲಿಸುತ್ತಾರೆ. ಕ್ಯಾಲಿಫೋರ್ನಿಯಾದವರಿಗೆ ಒಂದು ಯೂನಿಟ್ಟಿಗೆ 46 ಡಾಲರು. ಅದೇ ಪಾಠವನ್ನು ಯೂನಿವರ್ಸಿಟಿಯಲ್ಲಿ ಓದಿದರೆ ಅದರ ಎಷ್ಟೋ ಪಟ್ಟು. ಇಲ್ಲಿ ಪಾಸು ಮಾಡಿಕೊಂಡದ್ದನ್ನು ಸಾಮಾನ್ಯವಾಗಿ ಅಲ್ಲಿಯೂ ಹಿಡಿಯುತ್ತಾರೆ.

"ರೊಕ್ಕದ್ದು ಒಂದು ಮಾತಾತು. ಇನ್ನೊಂದು ಅಂದ್ರ, ದೊಡ್ಡ ಕಾಲೇಜಿನ ದನಿ ಕಿವಿಗೆ ರೂಢಿ ಆಗತೈತಿ," ಅಂದ. ಆಮೇಲೆ, "ನೀನೂ ತೊಗೊಂಡಿದ್ದೆಲ್ಲಕ್ಕಾ, ನಮ್ಮ ಮನ್ಯಾಗ ಇದ್ಕೊಂಡು?" ಎಂದ.

ನಾನೂ ನಕ್ಕೆ. ಫೋನು ಇಟ್ಟ ಮೇಲೆ ಮಾತ್ರ ಜೋಳದಲ್ಲಿ ಹರಳು ಯಾವುದು ಕಾಳು ಯಾವುದು ತಿಳಿಯಲಿಲ್ಲ. ಮೊರ ಬದಿಗಿಟ್ಟು ಸುಮ್ಮನೆ ಕೂತೆ.

ಅದು 1987ರ ಬೇಸಿಗೆ. ಯಲಬುರ್ಗಾ ಆಗ ರಾಯಚೂರು ಜಿಲ್ಲೆಯಲ್ಲಿತ್ತು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ನಾನು ಎಸ್ಸೆಸ್ಸೆಲ್ಸಿ ಬರೆದು ಕೂತಿದ್ದೆ. ವಿಜ್ಞಾನ ಓದುವ ಹುಚ್ಚು ನನಗೆ. ಅಪ್ಪ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. "ಸೈನ್ಸ್ ಅಂದ್ರ ಎಲ್ಲಾ ಇಂಗ್ಲೀಷಂತ. ನಾ ಪಟ್ಟ ಪಾಡು ನೀ ಪಡಬ್ಯಾಡ," ಎಂದು ಎರಡು ತಿಂಗಳ ಮಟ್ಟಿಗೆ ಧಾರವಾಡದ ಚಿಗವ್ವನ ಮನೆಗೆ ಕಳಿಸಿದ.

ಅಪ್ಪ ಪಟ್ಟ ಪಾಡು ಏನೆಂದು ಈಗಿನವರಿಗೆ ಹೇಳಬೇಕು. ಅಪ್ಪ ಹುಟ್ಟಿದ್ದು ನಿಜಾಮರ ಕಾಲದಲ್ಲಿ. ಮೇಲಿನ ತರಗತಿಗಳೆಲ್ಲ ಆಗ ಉರ್ದುವಿನಲ್ಲಿ. 1918ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕೂಡ ಮೊದಲಿನಿಂದಲೂ ಪಾಠ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು ಎಂದು ಅಪ್ಪ ಹೇಗೋ ಹೊಂದಿಕೊಂಡಿದ್ದ. 1948ರ ಸಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳಿಕೆ ಮುಗಿಯಿತು. ನಮ್ಮ ನಾಡಿಗೆ ಬಿಡುಗಡೆ ಬಂತು, ಅಪ್ಪನ ಶಾಲೆಗೆ ಕನ್ನಡ ಬಂತು. ಸಂತೋಷದ ಮಾತೇ. ಆದರೆ ಹನ್ನೆರಡು ವರ್ಷದ ಹುಡುಗ ಉರ್ದುವಿನಲ್ಲಿ ಕಲಿತ ಗಣಿತವನ್ನು ಕನ್ನಡದಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಅಪ್ಪ ಅಲ್ಲಿಗೇ ಶಾಲೆ ಬಿಟ್ಟ. ಕಡೆತನಕ ಅವನು ಲೆಕ್ಕದ ವಹಿಯನ್ನು ಕನ್ನಡದಲ್ಲಿ ಬರೆದರೂ ಬಾಯೊಳಗೆ ಮಗ್ಗಿ ಗುಣಿಸುತ್ತಿದ್ದದ್ದು ಉರ್ದುವಿನಲ್ಲಿ. ದೊರೆ ಬದಲಾದಾಗ ಮಕ್ಕಳ ಮಗ್ಗಿಯೂ ಬದಲಾಗುತ್ತದೆ ಎನ್ನುವುದನ್ನು ಇತಿಹಾಸದ ಪುಸ್ತಕದಲ್ಲಿ ಯಾರೂ ಬರೆಯುವುದಿಲ್ಲ; ನಾನು ಅದನ್ನು ಅಪ್ಪನ ತುಟಿಯಲ್ಲಿ ನೋಡಿದ್ದೇನೆ.

ಧಾರವಾಡ ನನಗೆ ಬೇರೆ ಲೋಕವಾಗಿ ಕಂಡಿತು. ನಮ್ಮಲ್ಲಿ ಏಪ್ರಿಲ್ ಎಂದರೆ ಮಧ್ಯಾಹ್ನ ನಾಯಿ ಕೂಡ ಹೊರಗೆ ಸುಳಿಯದ ಬಿಸಿಲು. ಅಲ್ಲಿ ಸಂಜೆಗೊಂದು ಅಡ್ಡಮಳೆ, ಮಳೆ ನಿಂತ ಮೇಲೆ ಆಪೂಸು ಮಾವಿನ ವಾಸನೆ. ಚಿಗವ್ವನ ಮನೆಯ ಹಿಂದಿನ ಓಣಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ತಮ್ಮ ಮನೆಯ ಕಟ್ಟೆಯ ಮೇಲೆ ಕನ್ನಡ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ನಾವು ಹನ್ನೊಂದು ಮಂದಿ, ಅದರಲ್ಲಿ ಹುಡುಗಿಯರು ಮೂವರು. ಬಹಳ ಸಜ್ಜನ ಮನುಷ್ಯ. ಬರಲಾರದವರನ್ನು ಬೈದದ್ದು ನಾನು ಕಾಣೆ. ಕಾಲಗಳು, ಕರ್ತರಿ-ಕರ್ಮಣಿ, ಆಕಳ ಮೇಲೆ ಪ್ರಬಂಧ, ರಜೆ ಕೇಳಿ ಮುಖ್ಯ ಗುರುಗಳಿಗೆ ಪತ್ರ, ದಿನಕ್ಕೆ ಇಪ್ಪತ್ತು ಶಬ್ದ ಬಾಯಿಪಾಠ. ಎರಡು ತಿಂಗಳಲ್ಲಿ ಸಾವಿರ ಶಬ್ದ ಕಲಿತು ಊರಿಗೆ ಬಂದೆ. ಅಪ್ಪ ಅಂಗಡಿಯ ಗೆಳೆಯರ ಮುಂದೆ ನನ್ನಿಂದ ಇಂಗ್ಲಿಷ್ ಪೇಪರು ಓದಿಸಿದ. ಅವನಿಗೂ ತಿಳಿಯಲಿಲ್ಲ, ಗೆಳೆಯರಿಗೂ ತಿಳಿಯಲಿಲ್ಲ. ಎಲ್ಲರೂ ಚಹಾ ಕುಡಿದು ಹೊಗಳಿದರು.

ಫಸ್ಟ್ ಕ್ಲಾಸು ಬಂತು, ಸೈನ್ಸಿಗೆ ಹೆಸರು ಹಚ್ಚಿದೆ. ಯಾವ ಊರು, ಯಾವ ಕಾಲೇಜು ಎಂದು ಹೇಳುವುದು ಬೇಡ. ಮೂರನೆಯ ವಾರವೋ ನಾಲ್ಕನೆಯ ವಾರವೋ ರಸಾಯನಶಾಸ್ತ್ರದ ತಾಸಿನಲ್ಲಿ ಲೆಕ್ಚರರು ನನ್ನ ಕಡೆ ಬೆರಳು ಮಾಡಿ, "ವಾಟ್ ಈಸ್ ಎ ಬೇಸ್?" ಎಂದು ಕೇಳಿದರು. ನನಗೆ ಖುಷಿಯೇ ಆಯಿತು. ಬೇಸ್ ಎಂಬ ಶಬ್ದ ಧಾರವಾಡದ ಸಾವಿರದಲ್ಲಿ ಇತ್ತು. ಎದ್ದು ನಿಂತು ಗಟ್ಟಿಯಾಗಿ, "ತಳ, ಸರ್," ಎಂದೆ.

ನೂರು ಮಂದಿ ನಕ್ಕರು. ಲೆಕ್ಚರರೂ ನಕ್ಕರು, ಕೆಟ್ಟ ಮನಸ್ಸಿನಿಂದ ಅಲ್ಲ, ನಗೆ ಬಂತು, ನಕ್ಕರು. ನಾನು ಕೂತೆ. ಆಮೇಲೆ ಯಾವ ತಾಸಿನಲ್ಲೂ ನಾನು ಬಾಯಿ ಬಿಡಲಿಲ್ಲ. ದಸರೆಗೆ ಮೊದಲೇ ಅರ್ಜಿ ಕೊಟ್ಟು ಆರ್ಟ್ಸಿಗೆ ಹೋದೆ. ಮನೆಯಲ್ಲಿ, "ತಲಿಗೆ ಹತ್ತಲಿಲ್ಲ," ಎಂದೆ. ಅಪ್ಪ ಏನೂ ಅನ್ನಲಿಲ್ಲ. ಆ ಇಡೀ ವಾರ ಮಾತ್ರ ನನ್ನ ಕಡೆ ನೋಡಿ ಮಾತಾಡಲಿಲ್ಲ.

ಬಿ.ಎ. ಆಯಿತು, ಬಿ.ಎಡ್. ಆಯಿತು, ನೌಕರಿ ಸಿಕ್ಕಿತು. ಅದೆಷ್ಟೋ ವರ್ಷದ ಮೇಲೆ ನಮ್ಮ ಶಾಲೆಯ ವಿಜ್ಞಾನದ ಮಾಸ್ತರರು ಪ್ರಯೋಗಾಲಯದ ಗೋಡೆಗೆ ಒಂದು ತಖ್ತೆ ಬರೆದು ಹಚ್ಚಿದರು. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್. ಅದರಲ್ಲಿ "ಪ್ರತ್ಯಾಮ್ಲ" ಎಂಬುದರ ಎದುರು "ಬೇಸ್" ಎಂದಿತ್ತು.

ನಾನು ಬಾಗಿಲಲ್ಲೇ ನಿಂತೆ. ಪ್ರತ್ಯಾಮ್ಲ! ನನಗೆ ಅದು ಗೊತ್ತಿತ್ತು. ರುಚಿ ಕಹಿ, ಮುಟ್ಟಿದರೆ ಸಾಬೂನಿನಂತೆ ಜಾರುತ್ತದೆ, ಕೆಂಪು ಲಿಟ್ಮಸ್ ಕಾಗದವನ್ನು ನೀಲಿ ಮಾಡುತ್ತದೆ, ಆಮ್ಲದೊಡನೆ ಸೇರಿ ಲವಣ ಮತ್ತು ನೀರನ್ನು ಕೊಡುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಇನ್ನೂ ನಾಲಿಗೆ ಮೇಲಿತ್ತು. ಅವ್ವ ದಿನಾ ಎಲೆಗೆ ಹಚ್ಚುತ್ತಿದ್ದ ಸುಣ್ಣವೇ ಅದು. ಆವತ್ತು ತರಗತಿಯಲ್ಲಿ ನನಗೆ ಉತ್ತರ ಬರುತ್ತಿತ್ತು. ಪ್ರಶ್ನೆ ಮಾತ್ರ ಬರಲಿಲ್ಲ.

ಈ ಸಿಟ್ಟನ್ನು ಯಾರ ಮೇಲೆ ಹಾಕುವುದು? ಮಾಸ್ತರರು ಶ್ರದ್ಧೆಯಿಂದ ಕಲಿಸಿದ್ದರು, ಅಪ್ಪ ಸಾಲ ಮಾಡಿ ಕಳಿಸಿದ್ದ. ಆಕಳ ಮೇಲೆ ಪ್ರಬಂಧ ಬರೆಯುವ ಇಂಗ್ಲಿಷ್ ಬೇರೆ, ರಸಾಯನಶಾಸ್ತ್ರ ಕೇಳಿಸಿಕೊಳ್ಳುವ ಇಂಗ್ಲಿಷ್ ಬೇರೆ ಎಂಬುದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ.

2009ರ ಬೇಸಿಗೆಯಲ್ಲಿ ವಿಜ್ಞಾನದ ಮಾಸ್ತರರನ್ನು ಜೊತೆಗೆ ಕರೆದುಕೊಂಡು, ಮುಖ್ಯ ಗುರುಗಳ ಅನುಮತಿ ಕೇಳಿ, ಎಸ್ಸೆಸ್ಸೆಲ್ಸಿ ಬರೆದ ಮಕ್ಕಳಿಗೆ ನಾಲ್ಕು ವಾರದ ತರಗತಿ ಶುರು ಮಾಡಿದೆ. ಬಿಸಿಲೇರುವ ಮೊದಲು, ಬೆಳಿಗ್ಗೆ ಏಳರಿಂದ ಒಂಬತ್ತೂವರೆ. ಫೀ ಇಲ್ಲ. ನಾನು ಸಮಾಜ ವಿಜ್ಞಾನದವಳು, ವಿಜ್ಞಾನ ಕಲಿಸುವವಳಲ್ಲ. ಶಬ್ದ ಕಲಿಸುವವಳು. ಇನ್ನೂರು ಪುಟದ ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು, ಎಡಕ್ಕೆ ವೇಗೋತ್ಕರ್ಷ, ಬಲಕ್ಕೆ ಆಕ್ಸಲರೇಶನ್, ಎಡಕ್ಕೆ ಸಂವೇಗ, ಬಲಕ್ಕೆ ಮೊಮೆಂಟಮ್, ಎಡಕ್ಕೆ ಲ.ಸಾ.ಅ., ಬಲಕ್ಕೆ ಎಲ್.ಸಿ.ಎಂ. ಹೀಗೆ ಬರೆಯಿಸುವುದು. ಬರೀ ಬರೆಯಿಸಿದರೆ ಆಗದು. ಆ ಶಬ್ದ ಇರುವ ವಾಕ್ಯವನ್ನು ಮಾಸ್ತರರು ಕಾಲೇಜಿನ ಲೆಕ್ಚರರ ಹಾಗೆ ಬಡಬಡ ಹೇಳುವರು, ಮಕ್ಕಳು ಕಿವಿಯಿಂದ ಹಿಡಿಯಬೇಕು.

ಮಾಡುತ್ತ ಮಾಡುತ್ತ ನನಗೇ ಒಂದು ಸಂಗತಿ ತಿಳಿಯಿತು. "ಪತ್ರಹರಿತ್ತು" ಎಂಬುದನ್ನು ನಾವು ಕನ್ನಡ ಎಂದು ಕಲಿಸುತ್ತೇವೆ. ಜೋಳದ ಹೊಲದಲ್ಲಿ ಬೆಳೆದ ಹುಡುಗನಿಗೆ ಅದು ಎಷ್ಟು ಕನ್ನಡ? ಪತ್ರ ಅಂದರೆ ಎಲೆ, ಹರಿತ್ ಅಂದರೆ ಹಸಿರು, ಎರಡೂ ಸಂಸ್ಕೃತ. ಕ್ಲೋರೋಫಿಲ್ ಬಿಡಿಸಿದರೂ ಅದೇ: ಕ್ಲೋರೋ ಅಂದರೆ ಹಸಿರು, ಫಿಲ್ ಅಂದರೆ ಎಲೆ, ಎರಡೂ ಗ್ರೀಕ್. ದ್ಯುತಿಸಂಶ್ಲೇಷಣೆಯಲ್ಲಿ ದ್ಯುತಿ ಬೆಳಕಾದರೆ ಫೋಟೋಸಿಂಥೆಸಿಸ್‌ನಲ್ಲಿ ಫೋಟೋ ಬೆಳಕು. ಒಂದು ಕಬ್ಬಿಣದ ಕಡಲೆಯನ್ನು ಅಗಿದವರಿಗೆ ಇನ್ನೊಂದನ್ನು ಅಗಿಯುವ ಹಲ್ಲು ಇದ್ದೇ ಇರುತ್ತದೆ. ಇಷ್ಟು ಹೇಳಿದರೆ ಸಾಕು, ಮಕ್ಕಳ ಮುಖದ ಮೇಲಿನ ಅರ್ಧ ಅಂಜಿಕೆ ಹೋಗುತ್ತದೆ.

ನೋಟ್‌ಬುಕ್ಕಿನ ಕೊನೆಯ ಪುಟ ಮೋಸದ ಶಬ್ದಗಳಿಗೆ ಮೀಸಲು. ಸೆಲ್ ಅಂದರೆ ಬ್ಯಾಟರಿಯದೂ ಹೌದು, ಜೀವಕೋಶವೂ ಹೌದು. ಪವರ್ ಅಂದರೆ ಗಣಿತದಲ್ಲಿ ಘಾತ, ಭೌತಶಾಸ್ತ್ರದಲ್ಲಿ ಸಾಮರ್ಥ್ಯ. ರೂಟ್ ಅಂದರೆ ಗಿಡದ ಬೇರು, ಸಂಖ್ಯೆಯ ಮೂಲ. ಆ ಪುಟದ ಮೊದಲ ಶಬ್ದ ಯಾವುದು ಎಂದು ನಾನು ಹೇಳಬೇಕಾಗಿಲ್ಲ.

ಮೊದಲ ವರ್ಷ ಇಪ್ಪತ್ತೆರಡು ಮಂದಿ ಹೆಸರು ಕೊಟ್ಟಿದ್ದರು, ಬಂದವರು ಹದಿಮೂರು. ಬಾರದವರಲ್ಲಿ ಗಣಿತದಲ್ಲಿ ಎಲ್ಲರಿಗಿಂತ ಚುರುಕಾದ ಒಬ್ಬ ಹುಡುಗನಿದ್ದ. ಒಂದು ದಿನ ಸಿಟ್ಟಿನಿಂದಲೇ ಅವನ ಮನೆಗೆ ಹೋದೆ. ಬಾಗಿಲಲ್ಲಿ ಅವನ ತಾಯಿ ಸಜ್ಜೆ ಬೀಸಲು ಹಸನು ಮಾಡುತ್ತಿದ್ದಳು. ಹುಡುಗ ಕಾಕಾನ ಸಂಗಡ ಬೆಂಗಳೂರಿಗೆ ಗುಳೆ ಹೋಗಿದ್ದ.

"ಎರಡು ತಿಂಗಳ ದುಡಿಮಿ ಆಸೆಗೆ ಮಗನ ಬಾಳೇವು ಕೆಡಸಬ್ಯಾಡ್ರಿ," ಎಂದೆ.

ಆಕೆ ಮೊರ ಕೆಳಗಿಟ್ಟು ಸೆರಗು ಸರಿ ಮಾಡಿಕೊಂಡಳು. "ಕಾಲೇಜಿಗೆ ಹೆಸರು ಹಚ್ಚಾಕ, ಬಸ್ಸಿನ ಪಾಸಿಗೆ, ಬುಕ್ಕಿಗೆ ರೊಕ್ಕ ಯಾರು ಕೊಡ್ತಾರ್ರಿ ಅಕ್ಕೋರ? ಅದನ್ನ ತರಾಕs ಹೋಗ್ಯಾನ್ರಿ ಅಂವ," ಎಂದಳು. ಆಮೇಲೆ ಒಳಗೆ ಹೋಗಿ ನನಗೆ ಕುಡಿಯಲು ನೀರು ತಂದಳು.

ಆ ನೀರು ಗಂಟಲಲ್ಲಿ ಇಳಿಯುವುದು ಕಷ್ಟವಾಯಿತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನನ್ನ ತಲೆಯಲ್ಲಿದ್ದದ್ದು ಒಂದೇ ಚಿಂತೆ, ಭಾಷೆ. ನನಗೆ ಧಾರವಾಡದಲ್ಲಿ ಚಿಗವ್ವನ ಮನೆಯಿತ್ತು, ಅಪ್ಪನಿಗೆ ಸಾಲ ಹುಟ್ಟುತ್ತಿತ್ತು. ಬೇಸಿಗೆ ಎಂದರೆ ಸೂಟಿ, ಅದನ್ನು ಓದಿಗೆ ಬಳಸಬೇಕು ಎಂದು ಸಲೀಸಾಗಿ ಹೇಳಿಬಿಡುತ್ತಿದ್ದೆ. ನಮ್ಮ ತಾಲೂಕಿನ ಎಷ್ಟೋ ಮನೆಗಳಲ್ಲಿ ಬೇಸಿಗೆ ಸೂಟಿಯಲ್ಲ, ದುಡಿಮೆಯ ಸುಗ್ಗಿ. ಮಳೆ ನಂಬಿದ ಎರಿ-ಮಸಾರಿ ಹೊಲ ಹಿಂಗಾರಿ ಮುಗಿದ ಮೇಲೆ ಏನೂ ಕೊಡುವುದಿಲ್ಲ. ಬೆಂಗಳೂರು, ಮಂಗಳೂರು, ಗೋವಾಕ್ಕೆ ಬಸ್ಸು ಹತ್ತಿದವರು ಕಾರ ಹುಣ್ಣಿಮೆಯ ಹೊತ್ತಿಗೆ ಬಿತ್ತಿಗೆಗೆ ಮರಳುತ್ತಾರೆ. ಹಾಗೆ ಮರಳಿದವರಲ್ಲಿ ಆ ಹುಡುಗನೂ ಇದ್ದ. ಬಂದ ಮರುದಿನ ಸಂಜೆ ನಮ್ಮ ಮನೆ ಕಟ್ಟೆಗೆ ಬಂದು ನಿಂತ.

"ಅಕ್ಕೋರ, ಅವ್ವ ಹೇಳಿದ್ಲು ನೀವು ಬಂದಿದ್ರಂತ. ಆ ನೋಟಬುಕ್ ಕೊಡ್ರಿ, ಬರಕೊಂತೀನಿ."

ಪೆನ್ನು ಹಿಡಿಯಲು ಕೈ ಚಾಚಿದ. ಬೆರಳ ಸಂದಿಯಲ್ಲೆಲ್ಲ ತೊಗಲು ಸುಲಿದು ಬಿರುಕು ಬಿಟ್ಟಿತ್ತು. "ಸೆಂಟ್ರಿಂಗ್ ಕೆಲಸರಿ. ಹಸಿ ಸಿಮೆಂಟು ತಿಂದತಿ," ಎಂದ. ಅಲ್ಲೇ ಕೂತಿದ್ದ ವಿಜ್ಞಾನದ ಮಾಸ್ತರರು ಅವನ ಅಂಗೈ ಹಿಡಿದು ನೋಡಿ ಹೇಳಿದರು: ಸಿಮೆಂಟಿಗೆ ನೀರು ಬಿದ್ದರೆ ಸುಣ್ಣದ ಅಂಶ ಹುಟ್ಟುತ್ತದೆ. ಅದು ಪ್ರಬಲ ಪ್ರತ್ಯಾಮ್ಲ, ತೊಗಲನ್ನು ಸುಡುತ್ತದೆ.

ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ಹೌದ್ರಿ ಸರ್, ಕೈಗೆ ಹತ್ತಿದ್ರ ಸಾಬೂನಿನಂಗ ಜಾರತೈತ್ರಿ," ಎಂದ. ನೋಟ್‌ಬುಕ್ಕಿನಲ್ಲಿ ಪ್ರತ್ಯಾಮ್ಲ ಹುಡುಕಿ ಅದರ ಎದುರಿನ ಶಬ್ದವನ್ನು ಓದಿದ. "ಬೇಸ್."

ನಾನು ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದುಕೊಟ್ಟೆ. ಬೇರೇನು ಮಾಡಲೂ ತೋಚಲಿಲ್ಲ.

ಮರುವರ್ಷದಿಂದ ತರಗತಿ ಎರಡಾಯಿತು. ಏಪ್ರಿಲ್-ಮೇ ತಿಂಗಳದು ಊರಲ್ಲಿರುವವರಿಗೆ. ಜೂನ್ ತಿಂಗಳ ಹತ್ತು ಸಂಜೆ ಗುಳೆಯಿಂದ ಬಂದವರಿಗೆ. ಗುಳೆ ಹೋಗುವವರ ಗಂಟಿನಲ್ಲಿ ನೋಟ್‌ಬುಕ್ಕು ಮೊದಲೇ ಹೋಗುತ್ತದೆ. ಮೊಬೈಲು ಬಂದ ಮೇಲೆ ಮಾಸ್ತರರು ವಾಕ್ಯಗಳನ್ನು ಧ್ವನಿ ಮುದ್ರಿಸಿ ಕಳಿಸತೊಡಗಿದರು. ಕಟ್ಟಡದ ಕೆಲಸದ ಶೆಡ್ಡಿನಲ್ಲಿ ಮಲಗಿ ಮೊಮೆಂಟಮ್ ಕೇಳಿದ ಮಕ್ಕಳಿದ್ದಾರೆ. 2020ರಲ್ಲಿ ಮಾತ್ರ ಎಲ್ಲ ತಿರುವುಮುರುವು. ಪರೀಕ್ಷೆಯೇ ಜೂನ್ ಕೊನೆಗೆ ಹೋಯಿತು, ಗುಳೆ ಹೋದವರು ಕೆಲಸವಿಲ್ಲದೆ ಬೇಸಿಗೆಯಲ್ಲೇ ಮರಳಿದರು. ಎಲ್ಲ ಮಕ್ಕಳೂ ಊರಲ್ಲಿದ್ದ ಆ ಒಂದೇ ವರ್ಷ ತರಗತಿ ನಡೆಸುವ ಹಾಗಿರಲಿಲ್ಲ.

ನನ್ನ ಇನ್ನೊಂದು ತಪ್ಪನ್ನೂ ಇಲ್ಲೇ ಬರೆದುಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಒಂದು ದಿನ ತಪ್ಪಿಸದೆ ಬಂದು, ಇನ್ನೂರು ಪುಟವನ್ನೂ ತುಂಬಿಸಿ, ಕೊನೆಗೆ ಆರ್ಟ್ಸಿಗೆ ಹೆಸರು ಹಚ್ಚಿದಳು. ನನಗೆ ತಡೆಯಲಾಗಲಿಲ್ಲ. "ಇಷ್ಟೆಲ್ಲ ಕಲ್ತು ಹಿಂಗ್ಯಾಕ ಮಾಡಿದಿ?" ಎಂದು ಗದರಿಸಿದೆ. ಅವಳು ತಲೆ ತಗ್ಗಿಸಿಯೇ ಕೇಳಿದಳು: "ಅಕ್ಕೋರ, ನೀವು ಇಟಗಿ ಗುಡಿಗೆ ಕರಕೊಂಡು ಹೋಗಿ, ಇದು 1112ರದು ಅಂತ ಕಂಬ ಕಂಬ ತೋರಿಸಿ ಹೇಳಿದ್ರಲ್ಲ, ನನಗ ಅದನ್ನs ಓದಬೇಕ್ರಿ. ಇತಿಹಾಸ ಓದಿದ್ದಕ್ಕ ನಿಮಗ ಬ್ಯಾಸರ ಐತೇನ್ರಿ?"

ಉತ್ತರ ಕೊಡಲು ಆ ರಾತ್ರಿಯೆಲ್ಲ ಬೇಕಾಯಿತು. ನಾನು ಬಿಟ್ಟು ಬಂದ ಬೆಂಚಿನ ಮೇಲೆ ವರ್ಷವರ್ಷವೂ ಒಬ್ಬೊಬ್ಬ ಹುಡುಗಿಯನ್ನು ಕೂರಿಸಲು ನೋಡುತ್ತಿದ್ದೆನೇನೋ. ಇತಿಹಾಸ ನನಗೆ ಅನ್ನ ಕೊಟ್ಟಿದೆ, ಅಪ್ಪನ ಮಗ್ಗಿಯ ಅರ್ಥ ತಿಳಿಸಿದೆ. ಬೇಸರ ಇತಿಹಾಸ ಓದಿದ್ದಕ್ಕಲ್ಲ. ಅದನ್ನು ನಾನಾಗಿ ಆರಿಸಿಕೊಳ್ಳದೆ, ನಗೆಗೆ ಅಂಜಿ ಓಡಿ ಬಂದು ಸೇರಿದ್ದಕ್ಕೆ. ಮರುದಿನ ಅವಳನ್ನು ಕರೆದು ಇಷ್ಟನ್ನೂ ಹೇಳಿದೆ. ಬಾಗಿಲು ತೆರೆದಿದ್ದೂ ಒಳಗೆ ಹೋಗದಿರುವುದು ಬೇರೆ, ಬಾಗಿಲು ಮುಚ್ಚಿದ್ದರಿಂದ ಹೋಗದಿರುವುದು ಬೇರೆ. ನಮ್ಮ ಎರಡು ತಿಂಗಳ ಕೆಲಸ ಬಾಗಿಲು ತೆರೆಯುವುದಷ್ಟೇ ಎಂದು ಆಮೇಲಿನಿಂದ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಬಾಗಿಲುಗಳೇನೋ ಈಗ ಹತ್ತಿರ ಬಂದಿವೆ. ಸರಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. 371(ಜೆ) ಕಲಮಿನ ಮೀಸಲಾತಿ 2013ರಲ್ಲಿ ಬಂತು. ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ ಎಪ್ಪತ್ತು ಸೀಟು ನಮ್ಮ ಮಕ್ಕಳಿಗೆ. 2023ರಲ್ಲಿ ಪಕ್ಕದ ತಳಕಲ್ಲಿನಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಶುರುವಾಯಿತು. 2025ರ ಮೇ ತಿಂಗಳಲ್ಲಿ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಬಿಟ್ಟರು. ಅದು ಯಲಬುರ್ಗಾದ ಮೇಲೆ ಹಾದು ಹೋಗುತ್ತದೆ. ನಾನು ಬಸ್ಸು ಬದಲಿಸಿ ಬದಲಿಸಿ ವಾಂತಿ ಮಾಡಿಕೊಳ್ಳುತ್ತ ಹೋದ ಕಡೆಗೆ ಈಗಿನ ಮಕ್ಕಳು ರೈಲಿನ ಕಿಟಕಿಯಲ್ಲಿ ಕೂತು ಹೋಗಬಹುದು. ಆದರೂ ಹತ್ತನೆಯತನಕ ಕನ್ನಡದಲ್ಲಿ ವಿಜ್ಞಾನ ಕಲಿತ ಮಗುವಿಗೆ ಜೂನ್ ತಿಂಗಳ ಒಂದು ಸೋಮವಾರ ಎಲ್ಲ ಶಬ್ದವೂ ಒಮ್ಮೆಲೇ ಬದಲಾಗುವುದು ಮಾತ್ರ ಹಾಗೇ ಇದೆ. ಸೀಟು ಸಿಗುವುದು ಸುಲಭವಾದಷ್ಟು, ಆ ಸೀಟಿನಲ್ಲಿ ಕೂತು ಕೇಳಿಸಿಕೊಳ್ಳುವುದು ಸುಲಭವಾಗಿಲ್ಲ.

ಸಿಮೆಂಟಿನ ಕೈಯ ಹುಡುಗ ಏನಾದ ಎಂದು ಕೇಳುವಿರಿ. ಎಂಜಿನಿಯರ್ ಆಗಲಿಲ್ಲ. ಪಿಯುಸಿಯಲ್ಲಿ ಒಂದು ವಿಷಯ ಹೋಗಿ ಮತ್ತೆ ಕಟ್ಟಿದ. ಬಿ.ಎಸ್‌ಸಿ. ಮುಗಿಸಲು ಪ್ರತಿ ಬೇಸಿಗೆ ಗುಳೆ ಹೋದ. ಈಗ ಹತ್ತಿರದ ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನದ ಅತಿಥಿ ಶಿಕ್ಷಕ. ಬೇಸಿಗೆಯಲ್ಲಿ ಅತಿಥಿ ಶಿಕ್ಷಕರಿಗೆ ಸಂಬಳವಿಲ್ಲ. ಹಾಗಾಗಿ ಈಗಲೂ ಏಪ್ರಿಲ್-ಮೇ ತಿಂಗಳು ಅವನು ಎಲ್ಲಿಯಾದರೂ ದುಡಿಯುತ್ತಾನೆ. ಜೂನಿನ ಹತ್ತು ಸಂಜೆಗೆ ಮಾತ್ರ ತಪ್ಪದೆ ಬರುತ್ತಾನೆ. ಮಾಸ್ತರರು ನಿವೃತ್ತರಾದ ಮೇಲೆ ಬಡಬಡ ವಾಕ್ಯ ಹೇಳುವ ಕೆಲಸ ಅವನದೇ.

ಆ ರವಿವಾರ ಸಂಜೆ ಚಿಗವ್ವನ ಮಗ ಮತ್ತೆ ಫೋನು ಮಾಡಿ ಮಗಳ ಕೈಗೆ ಕೊಟ್ಟ. ತಡವರಿಸುವ ಕನ್ನಡದಲ್ಲಿ, "ಅತ್ತೆ, ನೀವೂ ಸಮ್ಮರ್ ಕ್ಲಾಸ್ ತೊಗೊಂಡಿದ್ರಂತ? ಎಷ್ಟು ಕ್ರೆಡಿಟ್ ಸಿಕ್ತು?" ಎಂದು ಕೇಳಿದಳು.

"ಒಂದು ಶಬ್ದ ಸಿಕ್ತವ್ವಾ," ಎಂದೆ. ಅವಳಿಗೆ ತಿಳಿಯಲಿಲ್ಲ. ತಿಳಿಸಿ ಹೇಳಬೇಕೆಂದರೆ ಮೊದಲಿನಿಂದ ಹೇಳಬೇಕು; ಅಷ್ಟರಲ್ಲಿ ಕಟ್ಟೆಯ ಮೇಲೆ ಮಕ್ಕಳು ಬಂದು ಚಪ್ಪಲಿ ಬಿಡುವ ಸಪ್ಪಳ ಕೇಳಿಸಿತು. ನಾಲ್ಕನೆಯ ಸಂಜೆಯ ತರಗತಿಗೆ ಹೊತ್ತಾಗಿತ್ತು.